ರಾವಣ ಎಸೆದ ದಾರಿ: ಕಾರವಾರದಿಂದ ಮುರ್ಡೇಶ್ವರಕ್ಕೆ ಓಡಿದ್ದು

ಉತ್ತರ ಕನ್ನಡದ ಕರಾವಳಿಯಲ್ಲಿ ಪಂಚಕ್ಷೇತ್ರ ಅಂತ ಐದು ಶಿವನ ಗುಡಿಗಳಿವೆ. ಕಾರವಾರದ ಶೇಜವಾಡದಲ್ಲಿ ಶೆಜ್ಜೇಶ್ವರ, ಗೋಕರ್ಣದಲ್ಲಿ ಮಹಾಬಲೇಶ್ವರ, ಕುಮಟಾದಿಂದ ದಕ್ಷಿಣಕ್ಕೆ ಧಾರೇಶ್ವರ, ಹೊನ್ನಾವರ ದಾಟಿದರೆ ಗುಣವಂತೇಶ್ವರ, ಕೊನೆಗೆ ಮುರ್ಡೇಶ್ವರ. ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಣಪತಿ ಆತ್ಮಲಿಂಗವನ್ನು ಗೋಕರ್ಣದಲ್ಲಿ ನೆಲಕ್ಕಿಟ್ಟ, ರಾವಣ ಎಷ್ಟು ಜಗ್ಗಿದರೂ ಅದು ಮೇಲೇಳಲಿಲ್ಲ. ಸಿಟ್ಟಿನಲ್ಲಿ ಅವನು ಲಿಂಗ ತಂದಿದ್ದ ಸಂಪುಟ, ಅದರ ಮುಚ್ಚಳ, ಕಟ್ಟಿದ್ದ ದಾರ, ಸುತ್ತಿದ್ದ ಬಟ್ಟೆ ಎಲ್ಲವನ್ನೂ ಕಿತ್ತು ಎಸೆದ. ಬಿದ್ದಲ್ಲೆಲ್ಲ ಒಂದೊಂದು ಗುಡಿಯಾಯಿತು.

ಮ್ಯಾಪಿನಲ್ಲಿ ಈ ಐದನ್ನೂ ಗುರುತು ಹಾಕಿ ಕರಾವಳಿಯ ಗುಂಟ ಗೆರೆ ಎಳೆದರೆ ಹತ್ತಿರಹತ್ತಿರ 130 ಕಿಲೋಮೀಟರ್ ಆಗುತ್ತದೆ. ಮ್ಯಾರಥಾನಿನ 42.195 ಕಿಲೋಮೀಟರನ್ನು ಮೀರಿದ ಯಾವ ಓಟಕ್ಕಾದರೂ ಅಲ್ಟ್ರಾ ಅನ್ನುತ್ತಾರೆ. ಅದನ್ನು ಒಂದೇ ಉಸಿರಿಗೆ ಓಡುವವರಿದ್ದಾರೆ, ದಿನಕ್ಕಿಷ್ಟು ಅಂತ ಹಂಚಿಕೊಂಡು ಓಡುವವರೂ ಇದ್ದಾರೆ. ನಾನು ಎರಡನೆಯದನ್ನು ಆರಿಸಿಕೊಂಡೆ. ಇದು ಯಾರೂ ಏರ್ಪಡಿಸಿದ ಸ್ಪರ್ಧೆಯಲ್ಲ. ಎದೆಗೆ ನಂಬರ್ ಇಲ್ಲ, ಕೊನೆಗೆ ಪದಕವೂ ಇಲ್ಲ. ಕುಮಟಾ ಕಡೆಯ ನನ್ನ ಭಾವ ಸ್ಕೂಟರಿನಲ್ಲಿ ನೀರು, ಬಟ್ಟೆ, ಅವಲಕ್ಕಿ ಹೇರಿಕೊಂಡು ಬರಲು ಒಪ್ಪಿದರು, ಅಷ್ಟೇ ವ್ಯವಸ್ಥೆ. ಒಪ್ಪುವ ಮೊದಲು ಒಂದು ಮಾತು ಕೇಳಿದರು: "ಬಸ್ಸು ಇದ್ದು, ರೈಲು ಇದ್ದು. ಓಡದು ಎಂತಕ್ಕೆ ಮಾರಾಯ?" ಉತ್ತರಕ್ಕೆ ಕಾಯಲಿಲ್ಲ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ಹೋದರು.

ಮೊದಲ ದಿನ: ಕಾರವಾರದಿಂದ ಅಂಕೋಲೆ

ಬನದ ಹುಣ್ಣಿಮೆ ಮುಗಿದ ಮಾರನೇ ದಿನ ಹೊರಟೆವು. ದಿನ ಗೊತ್ತು ಮಾಡಿದ್ದು ಪಂಚಾಂಗ ನೋಡಿಯೇ, ಆದರೆ ಪುಣ್ಯಕ್ಕಲ್ಲ. ಈ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಸಮುದ್ರದ ಇಳಿತ ಬೆಳಗಿನ ಜಾವಕ್ಕೆ ಬೀಳುತ್ತದೆ, ಆಮೇಲೆ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಮುಂದೆ ಹೋಗುತ್ತದೆ. ನೀರು ಹಿಂದೆ ಸರಿದಾಗ ಬಿಟ್ಟುಹೋಗುವ ಒದ್ದೆ ಮರಳು ಗಟ್ಟಿ ಇರುತ್ತದೆ, ಶೂ ಹೂಳುವುದಿಲ್ಲ. ನೀರು ಏರುವ ಭರತದ ಹೊತ್ತಿಗೆ ಹೋದರೆ ಮೇಲಿನ ಒಣ ಮರಳೇ ಗತಿ. ಅದರಲ್ಲಿ ಎರಡು ಕಿಲೋಮೀಟರ್ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಓಟಗಾರರು ಹವಾಮಾನದ ಆ್ಯಪ್ ನೋಡುತ್ತಾರೆ, ಇಲ್ಲಿ ಚಂದ್ರನನ್ನು ನೋಡಬೇಕು.

ಶೆಜ್ಜೇಶ್ವರನಿಗೆ ಹೊರಗಿನಿಂದಲೇ ಕೈ ಮುಗಿದು ಊರೊಳಗೆ ಬಂದು ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಇಳಿದಾಗ ಚಂದ್ರ ಇನ್ನೂ ಪಶ್ಚಿಮದಲ್ಲಿ ನೀರಿನ ಮೇಲಿದ್ದ. ಟಾಗೋರರ ಅಣ್ಣ ಸತ್ಯೇಂದ್ರನಾಥರು 1880ರ ದಶಕದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ತಮ್ಮ ಅವರ ಮನೆಯಲ್ಲಿದ್ದು, ಕಾಳಿ ನದಿಯಲ್ಲಿ ದೋಣಿಯಲ್ಲಿ ತಿರುಗಾಡಿ, ಒಂದು ನಾಟಕವನ್ನೂ ಬರೆದು ಹೋದರು. ಕಾಳಿ ಎಂದಾಗ ಈಗಿನವರಿಗೆ ನೆನಪಾಗುವುದು ಬೇರೆ. 2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿಕೊಂಡ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಂತ ಜಿಲ್ಲೆಯ ನಾಲ್ಕೂ ದೊಡ್ಡ ಹೊಳೆಗಳು ಘಟ್ಟ ಇಳಿದು ಬಂದು ಈ ದಾರಿಗೆ ಅಡ್ಡ ಬರುತ್ತವೆ. ಕಾಳಿ ಬೆನ್ನಿಗೆ ಉಳಿಯಿತು. ಉಳಿದ ಮೂರನ್ನು ನಾವು ದಾಟಬೇಕು.

ತೀರ ಮುಗಿಯಿತು, ಬೈತಖೋಲ ಬಂತು, ಅಲ್ಲಿಂದ ಹೆದ್ದಾರಿ. ಮೊದಲ ದಿನದ ಬಹುಪಾಲು ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಹೋಯಿತು. ಅದಕ್ಕೆ ಕಾರಣ ಇದೆ. ಬಿಣಗಾ, ಅರ್ಗಾದ ಗುಂಟ ಸಮುದ್ರ ಇರುವುದು ನೌಕಾನೆಲೆಯ ಗೋಡೆಯ ಆಚೆ. ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್ಎಸ್ ಕದಂಬ ಕೆಲಸ ಶುರು ಮಾಡಿತು. ನಡುವಿನ ವರ್ಷಗಳಲ್ಲಿ ಗದ್ದೆ, ಮನೆ, ದೋಣಿ ನಿಲ್ಲಿಸುವ ಜಾಗ ಬಿಟ್ಟು ಎದ್ದವರು ತೋಡೂರಿನಂಥ ಕಡೆ ಕಾಲೊನಿಗಳಲ್ಲಿ ನೆಲೆಯಾದರು. ಒಂದು ಚಹಾ ಅಂಗಡಿಯಲ್ಲಿ ನೀರು ತುಂಬಿಸಿಕೊಳ್ಳುವಾಗ ಅಲ್ಲಿ ಕೂತಿದ್ದ ಹಿರಿಯರೊಬ್ಬರು ಗೋಡೆಯ ಕಡೆ ಕೈ ಮಾಡಿ, "ನಮ್ಮ ಮನೆ ಬಾವಿ ಆಚೆ ಇತ್ತು" ಅಂದರು. ಪರಿಹಾರ ಬಂತಾ ಅಂತ ಭಾವ ಕೇಳಿದ್ದಕ್ಕೆ, "ಬಂತು, ಕೋರ್ಟು ಹತ್ತಿದ ಮೇಲೆ" ಅಂತ ನಕ್ಕರು. ನೌಕಾನೆಲೆ ಬೇಕಾದದ್ದೇ ಇರಬಹುದು. ಆದರೂ ಕರಾವಳಿಯಲ್ಲಿ ಓಡುತ್ತ ಗಂಟೆಗಟ್ಟಲೆ ಸಮುದ್ರ ಕಾಣದಿರುವುದು ವಿಚಿತ್ರ ಅನುಭವ, ಎಡಕ್ಕೆ ಕಡಿದ ಗುಡ್ಡ, ಬಲಕ್ಕೆ ಗೋಡೆ, ನಡುವೆ ಗೋವಾ ಕಡೆಯ ಲಾರಿಗಳು.

ಹಾರವಾಡ, ಅವರ್ಸಾ ಬರುವಷ್ಟರಲ್ಲಿ ಹತ್ತು ಗಂಟೆಯ ಬಿಸಿಲು. ಅವರ್ಸಾದ ಹತ್ತಿರ ತರಕಾರಿ ಬುಟ್ಟಿ ಇಳಿಸಿ ಕೂತಿದ್ದ ಹಾಲಕ್ಕಿ ಒಕ್ಕಲಿಗರ ಇಬ್ಬರು ಅಜ್ಜಿಯರು ಸಿಕ್ಕರು. ಕೊರಳ ತುಂಬ ಕರಿಮಣಿ ಸರಗಳು, ಕಾಲಿಗೆ ಚಪ್ಪಲಿ ಇಲ್ಲ. ಅವರಲ್ಲೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತಾ ಆತು ತಮಾ, ಬಸ್ ತಪ್ತಾ?" ಅಂತ ಕೇಳಿದರು. ಮುರ್ಡೇಶ್ವರದವರೆಗೆ ಓಡುತ್ತೇನೆ ಅಂದಾಗ ಇನ್ನೊಬ್ಬರು ಒಂದು ಸೌತೆಕಾಯಿ ತೆಗೆದು ಕೊಟ್ಟರು, ದುಡ್ಡು ಬೇಡ ಅಂದರು. ಇದೇ ಹಾಲಕ್ಕಿ ಸಮುದಾಯದ, ಗಿಡ ಬೆಳೆಸಿ ಹೆಸರಾದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು ಬರಿಗಾಲಲ್ಲಿ. ಅವರು 2024ರ ಡಿಸೆಂಬರಿನಲ್ಲಿ ತೀರಿಹೋದರು, ಎರಡು ತಿಂಗಳೊಳಗೆ ಜಾನಪದ ಹಾಡಿನ ಸುಕ್ರಿ ಬೊಮ್ಮಗೌಡರೂ ಹೋದರು. ನನ್ನ ಶೂ ಬೆಲೆಯನ್ನು ಆ ಅಜ್ಜಿಯರು ಕೇಳದಿದ್ದದ್ದು ಒಳ್ಳೆಯದಾಯಿತು.

ಬೇಲೆಕೇರಿಗೆ ತಿರುಗುವ ರಸ್ತೆ ಬಂತು. ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರು 2010ರಲ್ಲಿ ಮಾಯವಾಗಿ ರಾಜ್ಯವೆಲ್ಲ ಹೆಸರು ಕೇಳಿದ ಬಂದರು. ಒಳಗೆ ಹೋಗಲು ಕಾಲು ಒಪ್ಪಲಿಲ್ಲ. ಅಂಕೋಲೆ ಮುಟ್ಟಿದಾಗ ವಾಚು 35 ಚಿಲ್ಲರೆ ತೋರಿಸುತ್ತಿತ್ತು. ಊಟ, ನಿದ್ದೆ, ಮತ್ತೆ ಊಟ.

ಎರಡನೇ ದಿನ: ಅಂಕೋಲೆಯಿಂದ ಗೋಕರ್ಣ

ಹೆದ್ದಾರಿ ಬಿಟ್ಟು ಒಳದಾರಿ ಹಿಡಿದದ್ದೇ ಹಬ್ಬ. ಅಂಕೋಲೆಯಿಂದ ಕೇಣಿ, ಬೆಳಂಬಾರ, ಮಂಜಗುಣಿ ಮೇಲೆ ಹೋದರೆ ಗೋಕರ್ಣಕ್ಕೆ ಇಪ್ಪತ್ತು ಕಿಲೋಮೀಟರ್ ಆಚೀಚೆ.

ಕರ ನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯಂತೆ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿದರು. ದಂಡಿಯಲ್ಲಿ ಗಾಂಧೀಜಿ ಉಪ್ಪು ಹೆಕ್ಕಿ ಒಂದೇ ವಾರವಾಗಿತ್ತು. ಆಮೇಲೆ ಕರ ನಿರಾಕರಣೆ, ಜಪ್ತಿ, ಜೈಲು, ಊರಿಗೂರೇ ಗಂಡಸರಿಲ್ಲದೆ ನಡೆದ ವರ್ಷಗಳು. ಕೇಣಿಯಲ್ಲಿ ಈಗ ದೊಡ್ಡ ಬಂದರಿನ ಯೋಜನೆ ಇದೆ, ಮೀನುಗಾರರ ವಿರೋಧವೂ ಇದೆ. ಬೆಳಿಗ್ಗೆ ಬಲೆ ಬಿಡಿಸುತ್ತ ಕೂತವರ ನಡುವೆ ಹಾದು ಹೋಗುವಾಗ ಆ ಮಾತು ಎತ್ತುವ ಧೈರ್ಯ ನನಗಾಗಲಿಲ್ಲ. ಭಾವ ಮಾತ್ರ ಸ್ಕೂಟರ್ ನಿಲ್ಲಿಸಿ ಅರ್ಧ ಗಂಟೆ ಹರಟೆ ಹೊಡೆದು ಬಂದರು.

ಮಂಜಗುಣಿಯಲ್ಲಿ ಗಂಗಾವಳಿ. ಮುಂಚೆ ಇಲ್ಲಿ ಬಾರ್ಜಿಗೆ ಕಾಯಬೇಕಿತ್ತು. ಈಗ ಸೇತುವೆಯ ಮೇಲೆ ಕೆಲವೇ ನಿಮಿಷದಲ್ಲಿ ಆಚೆ ದಡ. ಸೇತುವೆಯ ನಡುವೆ ನಿಂತು ಬಲಕ್ಕೆ ನೋಡಿದರೆ ಹೊಳೆ ಸಮುದ್ರ ಸೇರುವ ಅಳಿವೆ, ಎಡಕ್ಕೆ ನೋಡಿದರೆ ಘಟ್ಟದ ಸಾಲು. ಅದೇ ಕಡೆ, ಹೊಳೆಯ ಮೇಲ್ಭಾಗದಲ್ಲಿ ಶಿರೂರು. 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಜಾರಿ, ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬವನ್ನೂ ಲಾರಿಗಳನ್ನೂ ಈ ಹೊಳೆಗೆ ತಳ್ಳಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ನೀರಿನಡಿಯಿಂದ ಎತ್ತಲು ಎರಡು ತಿಂಗಳ ಮೇಲೆ ಬೇಕಾಯಿತು. ಮೊದಲ ದಿನ ಅಷ್ಟುದ್ದ ಓಡಿದ್ದು ಅಂಥವೇ ಕಡಿದ ಗುಡ್ಡಗಳ ಬುಡದಲ್ಲಿ. ಕೆಂಪು ಜಂಬಿಟ್ಟಿಗೆ ನೆಟ್ಟಗೆ ನಿಂತಿರುತ್ತದೆ, ಮಳೆಗಾಲದಲ್ಲಿ ಅದರ ಮೇಲೆ ಯಾವ ಭರವಸೆ ಇಟ್ಟು ಜನ ಓಡಾಡುತ್ತಾರೋ.

ಹೊಳೆ ದಾಟಿದ ಮೇಲೆ ರಸ್ತೆ ಕಿರಿದಾಯಿತು. ತೆಂಗಿನ ತೋಟ, ಶೇಂಗಾ ಬಿತ್ತಿದ ಮರಳುಗದ್ದೆ, ಅಂಗಳಕ್ಕೆ ಸೆಗಣಿ ಬಳಿದ ಮನೆಗಳು, ಆಮೇಲೆ ಬಂಕಿಕೊಡ್ಲ, ಹನೇಹಳ್ಳಿ. ಯಶವಂತ ಚಿತ್ತಾಲರ ಹನೇಹಳ್ಳಿಯನ್ನು ಓದಿಯೇ ತಿಳಿದವನಿಗೆ ಅದು ಇಷ್ಟು ಚಿಕ್ಕ ಊರು ಎಂಬುದೇ ಸೋಜಿಗ. ಸಮವಸ್ತ್ರ ಹಾಕಿದ ಹುಡುಗರ ಗುಂಪೊಂದು ಶಾಲೆಯ ದಾರಿಯಲ್ಲಿ ನನ್ನ ಜೊತೆ ಓಡಿತು, ನನಗಿಂತ ಜೋರಾಗಿ, ಬೆನ್ನಿಗೆ ಪಾಟಿಚೀಲ ಹಾಕಿಕೊಂಡೇ.

ಒಂಬತ್ತೂವರೆಗೆ ಗೋಕರ್ಣ. ಕೋಟಿತೀರ್ಥದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಶೂ ಬಿಚ್ಚಿದಾಗ ಎಡಗಾಲಿನ ಕಿರುಬೆರಳ ಪಕ್ಕ ಬೊಕ್ಕೆ ಎದ್ದಿತ್ತು. ಮರಳು ಕಾಲುಚೀಲದ ಎಳೆಗಳ ನಡುವೆ ಸೇರಿಕೊಂಡರೆ ಕೊಡವಿದರೂ ಹೋಗುವುದಿಲ್ಲ, ಒಗೆಯಲೇಬೇಕು. ಸೂಜಿ ಕಾಯಿಸಿ ಚುಚ್ಚಿ, ನೀರು ತೆಗೆದು, ಚರ್ಮ ಕೀಳದೆ ಹಾಗೇ ಬಿಟ್ಟು ಪಟ್ಟಿ ಹಾಕಿದೆ. ಮರುದಿನಕ್ಕೆ ಬೆರಳುಬೆರಳಿಗೂ ಟೇಪು ಸುತ್ತಿಟ್ಟುಕೊಂಡೆ.

ಮಧ್ಯಾಹ್ನ ಸ್ಕೂಟರಿನಲ್ಲಿ ಸಾಣಿಕಟ್ಟೆಗೆ ಹೋದೆವು. ಓಟದ ದಾರಿಯಲ್ಲಿ ಇಲ್ಲದ ಊರು, ಆದರೆ ಅಂಕೋಲೆಯ ಉಪ್ಪಿನ ಕಥೆ ತಲೆಯಲ್ಲಿ ಕೂತಿತ್ತು. ಅಘನಾಶಿನಿಯ ಹಿನ್ನೀರಿನ ಪಕ್ಕದಲ್ಲಿ ಕಣ್ಣು ಹಾಯುವಷ್ಟು ದೂರ ಉಪ್ಪಿನ ಪಾತಿಗಳು. ಭರತದ ನೀರನ್ನು ಒಳಗೆ ಬಿಟ್ಟುಕೊಂಡು ನಿಲ್ಲಿಸುತ್ತಾರೆ. ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯುತ್ತ ಬಿಸಿಲಿಗೆ ನೀರು ಮಂದವಾಗುತ್ತದೆ, ಕೊನೆಯ ಪಾತಿಯಲ್ಲಿ ಉಪ್ಪು ಕೂರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಹೊಳೆನೀರು ಬೆರೆತ ಹಿನ್ನೀರಿನಲ್ಲಿ ಅದಕ್ಕಿಂತ ಕಡಿಮೆ. ಮಳೆ ಪೂರ್ತಿ ಹೋಗಿ ಬಿಸಿಲು ಏರುವವರೆಗೆ ಕಾಯಬೇಕಾದ ಕಾರಣ ಅದೇ. ನಾವು ಹೋದಾಗ ಹಂಗಾಮಿನ ಶುರು. ಕೆಲಸದವರು ಪಾತಿಯ ಜೇಡಿಮಣ್ಣನ್ನು ಕಾಲಿನಿಂದ ತುಳಿದು ಹದ ಮಾಡುತ್ತಿದ್ದರು, ಸಾಲಾಗಿ ನಿಂತು, ಒಂದೇ ಲಯದಲ್ಲಿ, ಹಿಮ್ಮಡಿ ಒತ್ತಿ, ಮತ್ತೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು. ಮಣ್ಣು ಗಟ್ಟಿಯಾಗದಿದ್ದರೆ ನೀರು ಇಂಗಿಹೋಗುತ್ತದೆ, ಉಪ್ಪಿನಲ್ಲಿ ಕೆಸರು ಸೇರುತ್ತದೆ. ಹೋದ ಹಂಗಾಮಿನ ದಪ್ಪ ಉಪ್ಪನ್ನು ಭಾವ ಒಂದು ಕೈಚೀಲ ಕೊಂಡರು. ನಾನು ಅದರಲ್ಲಿ ಒಂದು ಹಿಡಿ ಪೊಟ್ಟಣ ಕಟ್ಟಿಸಿಕೊಂಡೆ. ನಾಲ್ಕಾರು ಗಂಟೆ ಬೆವರು ಸುರಿಸಿ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಮಂಪರು ಬರುತ್ತದೆ. ಓಟದಲ್ಲಿ ನೀರಿಲ್ಲದೆ ಬೀಳುವವರಂತೆ ನೀರು ಜಾಸ್ತಿಯಾಗಿ ಬೀಳುವವರೂ ಇದ್ದಾರೆ. ಅದಕ್ಕೆಂದೇ ನಾನು ಬೆಂಗಳೂರಿನಿಂದ ಉಪ್ಪಿನ ಮಾತ್ರೆ ತಂದಿದ್ದೆ. ಭಾವ ಆ ಡಬ್ಬಿಯ ಮೇಲಿನ ಬೆಲೆ ಓದಿ, ಕೈಚೀಲದ ಉಪ್ಪನ್ನು ಒಮ್ಮೆ ನೋಡಿ, ಏನೂ ಹೇಳಲಿಲ್ಲ.

ಮೂರನೇ ದಿನ: ಗೋಕರ್ಣದಿಂದ ಹೊನ್ನಾವರ

ಇದು ದೊಡ್ಡ ದಿನ, ಮ್ಯಾರಥಾನ್ ದಾಟುವ ದಿನ. ಬೆಳಕು ಹರಿಯುವ ಮೊದಲೇ ಕುಡ್ಲೆ ದಾಟಿ ಓಂ ಬೀಚಿಗೆ ಬಂದೆ. ಮುಂದೆ ಹಾಫ್ ಮೂನ್, ಪ್ಯಾರಡೈಸ್. ಈ ತುಂಡನ್ನು ಓಟ ಅನ್ನುವುದು ತಪ್ಪಾಗುತ್ತದೆ. ಗುಡ್ಡದ ಅಂಚಿನ ಕಾಲುದಾರಿ, ಕಲ್ಲಿನಿಂದ ಕಲ್ಲಿಗೆ ಜಿಗಿತ, ಮುಳ್ಳುಕಂಟಿ, ಕೆಳಗೆ ನೊರೆ ಏಳುವ ನೀರು. ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ ಹಾಫ್ ಮೂನಿನ ತನಕ ನಡೆದೇ ಹೋದೆ. ಕಿಲೋಮೀಟರಿಗೆ ಹದಿನೈದು ನಿಮಿಷ. ಗಡಿಬಿಡಿ ಮಾಡಿದರೆ ಪಾದ ಹೊರಳುವುದು ಖಂಡಿತ. ಬೆಲೆಕಾನಿನ ಮರಳಿಗೆ ಇಳಿದ ಮೇಲೆ ಇಳಿತದ ನೀರು ಬಹಳ ಹಿಂದೆ ಹೋಗಿತ್ತು, ಒದ್ದೆ ನೆಲ ಗಟ್ಟಿಯಾಗಿತ್ತು, ಕಾಲು ತಾನಾಗಿಯೇ ವೇಗ ಹಿಡಿಯಿತು. ಏಡಿಗಳು ಎಡಬಲ ಚೆದುರಿ ಬಿಲ ಸೇರುತ್ತಿದ್ದವು.

ತದಡಿ ಬಂದರಿನಲ್ಲಿ ಭಾವ ಸ್ಕೂಟರ್ ಜೊತೆ ದೋಣಿಯ ಕಟ್ಟೆಯಲ್ಲಿ ಕಾಯುತ್ತಿದ್ದರು. ಇಲ್ಲಿ ಅಘನಾಶಿನಿಗೆ ಸೇತುವೆ ಇಲ್ಲ. ಹೆದ್ದಾರಿ ಎಷ್ಟೋ ಮೇಲೆ, ಮಿರ್ಜಾನದ ಹತ್ತಿರ ಹೊಳೆ ದಾಟುತ್ತದೆ. ಅಳಿವೆಯ ಬಾಯಲ್ಲಿ ಇವತ್ತಿಗೂ ದೋಣಿಯೇ. ಮೀನು ಬುಟ್ಟಿ, ಕಾಲೇಜಿನ ಹುಡುಗಿಯರು, ಎರಡು ಬೈಕು, ನಮ್ಮ ಸ್ಕೂಟರ್, ಬೆವರಿನ ನಾನು. ದೋಣಿಯವರು ನನ್ನ ಎದೆಗೆ ಕಟ್ಟಿದ ನೀರಿನ ಚೀಲ ನೋಡಿ, "ಗೋಕರ್ಣದಿಂದ ಓಡ್ಕಂಡೇ ಬಂದ್ರಾ? ಯಾಕೆ, ಯಾರಾದ್ರೂ ಅಟ್ಟಿಸ್ಕಂಡು ಬಂದ್ರಾ?" ಅಂದರು. ದೋಣಿಯೆಲ್ಲ ನಕ್ಕಿತು.

ಹೊಳೆಯ ನಡುವಿನ ದಿಬ್ಬಗಳಲ್ಲಿ ಜನ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಕೆಲವರು ಮೊಣಕಾಲುದ್ದ, ಕೆಲವರು ಎದೆಯುದ್ದ ನೀರಿನಲ್ಲಿ ನಿಂತು ಪಾದದಿಂದ ಕೆಸರು ತಡಕುತ್ತಾರೆ, ಚಿಪ್ಪು ತಾಗಿದ ಕೂಡಲೇ ಮುಳುಗಿ ಕೈಯಿಂದ ಎತ್ತುತ್ತಾರೆ. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ತೇಲುವ ಪಾತ್ರೆಯೊಳಗೆ ಅದು ಟಣ್ ಅಂತ ಬೀಳುತ್ತದೆ. ದೋಣಿಯ ಎಂಜಿನ್ ಸದ್ದಿನ ನಡುವೆಯೂ ಆ ಟಣ್ ಟಣ್ ಕೇಳುತ್ತಿತ್ತು. ಒಬ್ಬ ಹೆಂಗಸು ನಮ್ಮ ದೋಣಿಯ ತೀರ ಹತ್ತಿರದಲ್ಲೇ ಇದ್ದರು. ಬೆರಳ ತುದಿಗಳು ನೆನೆದು ಬಿಳಿಚಿದ್ದವು, ಹೆಬ್ಬೆರಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿದ್ದರು, ನನ್ನ ಕಾಲಿನ ಟೇಪಿನ ಹಾಗೆಯೇ. ಭರತ ಏರುವವರೆಗೆ ಮಾತ್ರ ಅವರ ಕೆಲಸ. ಅವರೂ ನಾನೂ ನೋಡುತ್ತಿದ್ದದ್ದು ಒಂದೇ ಗಡಿಯಾರ.

ಅಘನಾಶಿನಿ ಅಣೆಕಟ್ಟಿಲ್ಲದ ಹೊಳೆ. ಶಿರಸಿ ಸೀಮೆಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಇಲ್ಲಿಯವರೆಗೆ ಯಾರ ಅಡ್ಡಿಯೂ ಇಲ್ಲದೆ ಬರುತ್ತದೆ, ತರುವ ಮಣ್ಣನ್ನು ಈ ಅಳಿವೆಯಲ್ಲಿ ಹರಡುತ್ತದೆ. ಬಳಚು, ಸಿಗಡಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡು, ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತದ ಗಜನಿ ಗದ್ದೆ ಎಲ್ಲ ಆ ಮಣ್ಣು ನೀರಿನ ಹದದ ಮೇಲೆ ನಿಂತಿವೆ. ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಮಾತು ವರ್ಷಗಟ್ಟಲೆ ನಡೆದು ಕೊನೆಗೆ ಬಿದ್ದುಹೋಯಿತು. ನಾನು ಕರಾವಳಿ ಅಂದರೆ ಸಮುದ್ರ ಅಂದುಕೊಂಡು ಹೊರಟವನು. ಆ ಇಪ್ಪತ್ತು ನಿಮಿಷದ ದೋಣಿಯಲ್ಲಿ ಕೂತಾಗ ಅನಿಸಿದ್ದು, ಈ ಸೀಮೆಯ ಬದುಕು ಕಟ್ಟಿದ್ದು ಹೊಳೆಬಾಯಿಗಳು. ಬಂದರು, ಕೋಟೆ, ಪೇಟೆ, ಉಪ್ಪು, ಅಕ್ಕಿ ಎಲ್ಲ ಹೊಳೆಯ ಬಾಯಲ್ಲೇ. ಸಮುದ್ರದ ನೇರ ಅಂಚಿನಲ್ಲಿ ಇರುವುದು ಮರಳು ಮತ್ತು ನನ್ನಂಥವರು. ಸೇತುವೆಯ ಮೇಲೆ ಕಾರಿನಲ್ಲಿ ಹೋಗುವವನಿಗೆ ಹೊಳೆ ಅಂದರೆ ಒಂದು ಬೋರ್ಡು. ಹಿಂದೆ ಕಾರವಾರದಿಂದ ಭಟ್ಕಳಕ್ಕೆ ಹೊರಟವರು ಪ್ರತಿ ಹೊಳೆಯ ದಡದಲ್ಲೂ ಚೀಲ ಇಳಿಸಿ, ದೋಣಿಯವರನ್ನು ಕೂಗಿ, ಭರತ ಕೇಳಿ, ಊರ ಸುದ್ದಿ ಕೇಳಿ ಮುಂದೆ ಹೋಗಬೇಕಿತ್ತು.

ಆಚೆ ದಡದ ಅಘನಾಶಿನಿ ಊರಿನಿಂದ ಗುಡ್ಡ ಹತ್ತಿ ಇಳಿದರೆ ಕಾಗಾಲ ಕಡೆಯ ಉದ್ದನೆಯ ತೀರ, ಬಾಡ, ಆಮೇಲೆ ಕಡ್ಲೆ. ಈ ಹಾದಿಯ ಅತಿ ಚೆಂದದ ಓಟ ಇದೇ. ಗಾಳಿ ಮರದ ತೋಪು, ಕವುಚಿ ಹಾಕಿದ ದೋಣಿಗಳು, ಒಣಮೀನಿನ ವಾಸನೆ, ಬೇರೆ ಒಬ್ಬ ಪ್ರವಾಸಿಗನೂ ಇಲ್ಲ. ಇದರ ಬಗ್ಗೆ ಇನ್ನೂ ಬರೆದು ಜನ ಸೇರಿಸುವ ಪಾಪ ಬೇಡ.

ಕುಮಟಾದಲ್ಲಿ ಬನ್ಸ್, ಭಾಜಿ, ಕಷಾಯ. ಓಟದ ಶಾಸ್ತ್ರದಲ್ಲಿ ಎಣ್ಣೆ ತಿಂಡಿ ವರ್ಜ್ಯ. ಆ ಶಾಸ್ತ್ರ ಬರೆದವರು ಕುಮಟಾದ ಬಿಸಿ ಬನ್ಸ್ ತಿಂದಿಲ್ಲ ಅನ್ನುವುದು ನನ್ನ ಗುಮಾನಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಇಂಗ್ಲೆಂಡಿನ ಪೇಟೆಯಲ್ಲಿ ಹೆಸರು ಮಾತ್ರ ಕುಮಟಾ ಹತ್ತಿ.

ಕುಮಟಾದಿಂದ ಹೊನ್ನಾವರಕ್ಕೆ ಇಪ್ಪತ್ತು ಕಿಲೋಮೀಟರ್, ಹೆಚ್ಚಿನದು ಹೆದ್ದಾರಿ, ಅದೂ ಹನ್ನೊಂದರ ಬಿಸಿಲಿನಲ್ಲಿ. ಊರ ಪಕ್ಕದ ಹಳಕಾರದ ಜನ 1920ರ ದಶಕದಿಂದ ತಮ್ಮದೇ ಗ್ರಾಮ ಅರಣ್ಯ ಪಂಚಾಯತಿ ನಡೆಸಿಕೊಂಡು ಕಾಡು ಉಳಿಸಿಕೊಂಡಿದ್ದಾರೆ. ಆ ಹಸಿರನ್ನು ದೂರದಿಂದ ಆಸೆಯಲ್ಲಿ ನೋಡುತ್ತ ಡಾಂಬರಿನ ಮೇಲೆ ಬೇಯುತ್ತ ಓಡಿದೆ. ಧಾರೇಶ್ವರದ ಗುಡಿಯ ಹತ್ತಿರ ಭಾವ ಅಕ್ಕ ಕಳಿಸಿದ್ದ ಬಾಟಲಿ ತೆಗೆದರು. ಉಪ್ಪಿನಲ್ಲಿಟ್ಟಿದ್ದ ಅಪ್ಪೆಮಿಡಿ ಕಿವುಚಿ, ಒಣಮೆಣಸು ಇಂಗಿನ ಒಗ್ಗರಣೆ ಕೊಟ್ಟ ತಣ್ಣನೆಯ ಅಪ್ಪೆಹುಳಿ. ಉಪ್ಪು, ಹುಳಿ, ನೀರು, ಅಷ್ಟಿಷ್ಟು ಖಾರ. ಓಟಗಾರನಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಒಂದೇ ತೊಂದರೆ, ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅಂತ ಹವ್ಯಕರ ಮನೆಗಳಲ್ಲಿ ಎಲ್ಲರೂ ಬಲ್ಲರು. ಎರಡು ಲೋಟ ಇಳಿಸಿ ಕಟ್ಟೆಗೆ ಒರಗಿದವನಿಗೆ ಇಪ್ಪತ್ತು ನಿಮಿಷ ಲೋಕದ ಪರಿವೆ ಇರಲಿಲ್ಲ. "ಏಳು, ರಾವಣನ ದಾರ ಇಲ್ಲೇ ಬಿದ್ದದ್ದು, ನೀನೂ ಇಲ್ಲೇ ಬಿದ್ಕಳಡ" ಅಂತ ಭಾವ ಎಬ್ಬಿಸಿದರು.

ಹಳದೀಪುರ ದಾಟಿ ಕರ್ಕಿ ಬರುವಾಗ ವಾಚು 42.2 ತೋರಿಸಿತು. ಅಲ್ಲಿಂದ ಮುಂದಿನದು ಅಲ್ಟ್ರಾ. ನಿಜ ಹೇಳಬೇಕೆಂದರೆ ಅಲ್ಲಿಂದ ಮುಂದಿನದು ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮಧ್ಯಾಹ್ನದ ಕಡಲಗಾಳಿ ವಾಯವ್ಯದಿಂದ ಬೀಸಿ ಬೆನ್ನು ತಳ್ಳುತ್ತಿತ್ತು. ಉತ್ತರದಿಂದ ದಕ್ಷಿಣಕ್ಕೆ ಓಡುವುದರ ಲಾಭ ಇದು. ಎದುರಿನಿಂದ ಬರುವವರಿಗೆ ಇದೇ ಗಾಳಿ ಮುಖಕ್ಕೆ ಮರಳು ಎರಚುತ್ತದೆ. ಹೊನ್ನಾವರದಲ್ಲಿ ಟೋಪಿ ತೆಗೆದಾಗ ಅದರ ಅಂಚಿಗೆ ಬಿಳಿ ಗೆರೆ ಕಟ್ಟಿತ್ತು. ಸಾಣಿಕಟ್ಟೆಯ ಪೊಟ್ಟಣ ಖಾಲಿಯಾಗಿತ್ತು.

ಕೊನೆಯ ದಿನ: ಹೊನ್ನಾವರದಿಂದ ಮುರ್ಡೇಶ್ವರ

ಬೆಳಿಗ್ಗೆ ಮೆಟ್ಟಿಲು ಇಳಿಯಲು ಹಿಮ್ಮುಖ ಆಗಬೇಕಾಯಿತು. ತೊಡೆ ಅಷ್ಟು ಬಿಗಿದಿತ್ತು. ಶರಾವತಿ ಸೇತುವೆಯ ಮೇಲೆ ಬರುವಷ್ಟರಲ್ಲಿ ಸ್ವಲ್ಪ ಸಡಿಲವಾಯಿತು.

ಹೊನ್ನಾವರ ಈಗ ತಾಲೂಕು ಪೇಟೆ, ಹಿಂದೆ ದೊಡ್ಡ ಹೆಸರು. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವು ಅಂತ ಬರೆದಿಟ್ಟಿದ್ದಾನೆ. ಹದಿನಾರನೇ ಶತಮಾನದಲ್ಲಿ ಇದೇ ಶರಾವತಿಯ ಮೇಲ್ದಂಡೆಯ ಗೇರುಸೊಪ್ಪೆಯಿಂದ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದಳು. ಮೆಣಸು ಆಕೆಯ ಕೈಯಲ್ಲಿತ್ತು, ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಅಂದರು. ಮೆಣಸು ಇಳಿದು ಬಂದದ್ದೂ ಹೊಳೆಯಲ್ಲೇ. ಈಗ ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆ ಅಂತ ಅಣೆಕಟ್ಟುಗಳು. ಸೇತುವೆಯಿಂದ ಕಾಣುವ ನೀರು ಅಗಲವಾಗಿ, ಗಂಭೀರವಾಗಿಯೇ ಇದೆ, ಆದರೆ ಅಘನಾಶಿನಿಯ ದಿಬ್ಬಗಳಲ್ಲಿ ಕಂಡ ಆ ಗಲಾಟೆ ಇಲ್ಲಿ ಕಾಣಲಿಲ್ಲ.

ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಚೊಕ್ಕ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಬೆಂಚು, ದಾರಿ, ಕಸದ ಡಬ್ಬಿ ಎಲ್ಲ ಚೊಕ್ಕ. ಪಕ್ಕದ ಟೊಂಕದಲ್ಲಿ ಮೀನುಗಾರರು ಬಂದರು ಯೋಜನೆಯ ವಿರುದ್ಧ ವರ್ಷಗಳಿಂದ ಹೋರಾಡುತ್ತಿದ್ದಾರೆ, ಅದೇ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಕೇಣಿಯದೇ ಕಥೆ, ಊರು ಬೇರೆ.

ಗುಣವಂತೆಯಲ್ಲಿ ಸಂಪುಟದ ಮುಚ್ಚಳ ಬಿದ್ದ ಗುಡಿ. ರಸ್ತೆಯಿಂದ ತುಸು ಒಳಗೆ, ಸದ್ದಿಲ್ಲದ ಜಾಗ. ನನಗೆ ಇದಕ್ಕಿಂತ ನೋಡಬೇಕಾಗಿದ್ದದ್ದು ಕೆರೆಮನೆ ಮೇಳದ ಊರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿ ಆಡುತ್ತಿದೆ, ಹುಡುಗರಿಗೆ ಯಕ್ಷಗಾನ ಕಲಿಸುವ ಕೇಂದ್ರವೂ ಇಲ್ಲೇ ಇದೆ. ರಾತ್ರಿಯಿಡೀ ಗೆಜ್ಜೆ, ಕಿರೀಟ, ದಪ್ಪ ವೇಷದ ಭಾರ ಹೊತ್ತು ಮಂಡಿಯಲ್ಲಿ ಸುತ್ತು ಹಾಕುವವರ ಊರಿನಲ್ಲಿ ಹಗುರ ಬನಿಯನ್ ಚಡ್ಡಿ ತೊಟ್ಟು ತೊಡೆನೋವು ಅಂತ ನರಳುವುದು ಶೋಭೆಯಲ್ಲ. ಬಾಯಿ ಮುಚ್ಚಿಕೊಂಡು ಮಂಕಿಯ ಕಡೆ ಓಡಿದೆ.

ಮಂಕಿಯಿಂದ ಮುಂದಕ್ಕೆ ಹೆಚ್ಚಿಗೆ ಬರೆಯುವಂಥದ್ದೇನಿಲ್ಲ. ಹೆದ್ದಾರಿ, ಎಳನೀರು, ಹೆದ್ದಾರಿ. ಮುರ್ಡೇಶ್ವರದ 123 ಅಡಿಯ ಶಿವ ದೂರದಿಂದಲೇ ಕಾಣತೊಡಗುತ್ತಾನೆ. ಅದು ಓಟಗಾರನಿಗೆ ಉಪಕಾರವಲ್ಲ, ಶಿಕ್ಷೆ. ಎಷ್ಟು ಓಡಿದರೂ ಅಲ್ಲೇ ಇರುತ್ತಾನೆ. ಪೇಟೆಯೊಳಗೆ ಟೂರಿಸ್ಟ್ ಬಸ್ಸುಗಳ ನಡುವೆ ನುಸುಳಿ, ಗೋಪುರದ ಮುಂದೆ ಸೆಲ್ಫಿ ತೆಗೆಯುವವರಿಗೆ ಡಿಕ್ಕಿ ಹೊಡೆಯದಂತೆ ತಪ್ಪಿಸಿ, ವಾಚು ನಿಲ್ಲಿಸಿದೆ. ಯಾರೂ ನೋಡಲಿಲ್ಲ. ಹತ್ತಿರ ಬಂದವನು ಸ್ಪೀಡ್ ಬೋಟ್ ಏಜೆಂಟ್ ಒಬ್ಬನೇ: "ಬೋಟಿಂಗ್ ಬೇಕಾ ಸರ್?"

ಭಾವ ಸ್ಕೂಟರ್ ನೆರಳಿಗೆ ಹಾಕಿ ಬಂದು ಪಕ್ಕದಲ್ಲಿ ಕೂತರು. ಒಂದು ಸಂಶಯ ಕಾರವಾರದಿಂದಲೂ ಅವರ ತಲೆಯಲ್ಲಿತ್ತಂತೆ. "ಅಲ್ದೋ, ರಾವಣ ಗೋಕರ್ಣದಲ್ಲಿ ನಿಂತ್ಕಂಡೇ ಎಲ್ಲ ಎಸೆದಿದ್ದು. ಅಂವ ಒಂದು ಹೆಜ್ಜೆಯೂ ಓಡಿದ್ನಿಲ್ಲೆ." ಬೆಂಗಳೂರು ರೈಲಿಗೆ ಇನ್ನೂ ಹೊತ್ತಿತ್ತು. ಅವಲಕ್ಕಿ ಡಬ್ಬಿಯಲ್ಲಿ ಉಳಿದದ್ದನ್ನು ಇಬ್ಬರೂ ಹಂಚಿಕೊಂಡೆವು.